ಹಿಡಿಯುವುದು ಸಣ್ಣದು, ಹೊರುವುದು ದೊಡ್ಡದು

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದ್ದರೂ ಇಲ್ಲಿನ ರಾಜಕಾಲುವೆಗಳ ನೀರು ಕೊನೆಗೆ ಹೊರಡುವುದು ಬಂಗಾಳ ಕೊಲ್ಲಿಯ ಕಡೆಗೇ. ವೃಷಭಾವತಿ ಅರ್ಕಾವತಿಯ ಮೂಲಕ ಕಾವೇರಿ ಸೇರುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿ ದಕ್ಷಿಣ ಪಿನಾಕಿನಿಗೆ ಹರಿಯುತ್ತದೆ. ಪ್ಲೇಟಿಂಗ್ ಶೆಡ್ಡಿನ ನಿಕ್ಕಲ್, ಗಣಪತಿಗೆ ಬಳಿದ ಬಣ್ಣದ ಸೀಸ, ಸವೆದ ಟೈರಿನ ಸತು, ಯಾವುದರ ಮಾತು ಬಂದರೂ ‘ಬಿಡ್ರಿ, ಸಮುದ್ರ ಎಲ್ಲವನ್ನೂ ಕರಗಿಸಿಕೊಳ್ಳುತ್ತೆ’ ಎನ್ನುವವರು ಇದ್ದೇ ಇರುತ್ತಾರೆ. ಸಮುದ್ರರಾಜನ ಹೊಟ್ಟೆಯ ಮೇಲೆ ಇಂಥ ಭಕ್ತಿ ಬೇಡ. ಉಪ್ಪನ್ನು ಕೋಟ್ಯಂತರ ವರ್ಷ ಕರಗಿಸಿಟ್ಟುಕೊಳ್ಳುವ ಸಮುದ್ರಕ್ಕೆ ಕಬ್ಬಿಣ, ಸೀಸ, ಥೋರಿಯಂಗಳನ್ನು ಹಾಗೆ ಇಟ್ಟುಕೊಳ್ಳಲು ಬರುವುದಿಲ್ಲ.

ಕಬ್ಬಿಣವನ್ನೇ ನೋಡಿ. ಭೂಮಿಯ ಹೊರಪದರದ ತೂಕದಲ್ಲಿ ನೂರಕ್ಕೆ ಸುಮಾರು 5 ಪಾಲು ಅದೇ. ಆದರೆ ಆಳ ಸಮುದ್ರದ ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಹೆಚ್ಚುಕಡಿಮೆ 35 ನ್ಯಾನೊಗ್ರಾಂ. 25 ಲಕ್ಷ ಲೀಟರಿನ ಒಲಿಂಪಿಕ್ ಈಜುಕೊಳಕ್ಕೆ ಆ ನೀರು ತುಂಬಿಸಿದರೆ ಒಟ್ಟು ಕಬ್ಬಿಣ ಒಂದು ಗುಂಡುಸೂಜಿಯ ತೂಕಕ್ಕೆ ಬರುತ್ತದೆ. ಉಳಿದದ್ದೆಲ್ಲ ಇಳಿಯುವ ಕಣಗಳ ಬೆನ್ನೇರಿ ತಳ ಸೇರಿದೆ. ಭೂರಸಾಯನ ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ 1954ರಲ್ಲಿ ಈ ಕಣಗಳನ್ನು ಸಮುದ್ರದ ಕಸ ಗುಡಿಸುವವರು ಎಂದರು. ಅದೇ ಕ್ಷೇತ್ರದ ಕಾರ್ಲ್ ಟುರೆಕಿಯನ್ 1977ರಲ್ಲಿ ಇದನ್ನು ಕಣಗಳ ಮಹಾ ಪಿತೂರಿ ಎಂದೇ ಕರೆದರು.

ಯಾವ ಕಣಗಳು? ಡಯಾಟಮ್ ಪಾಚಿಯ ಗಾಜಿನ ಚಿಪ್ಪು, ಸೀಗಡಿಯ ಜಾತಿಯ ಸಣ್ಣ ಕಠಿಣಚರ್ಮಿಗಳ ಹಿಕ್ಕೆ, ಮರುಭೂಮಿಯ ಧೂಳು, ನದಿಯ ಜೇಡಿ, ಮ್ಯಾಂಗನೀಸ್ ಆಕ್ಸೈಡಿನ ಚೂರು, ಇವನ್ನೆಲ್ಲ ಅಂಟಿಸುವ ಲೋಳೆ. ಪುಸ್ತಕಗಳು ಇದನ್ನು ‘ಸಾಗರ ಹಿಮ’ ಎನ್ನುತ್ತವೆ. ಹಿಮ ಬೀಳುವುದನ್ನು ಕಾಣದ ನಮಗೆ ಸೌದೆ ಒಲೆಯ ಅಡುಗೆಮನೆಯ ಇಲ್ಲಣವೇ ಸರಿಯಾದ ಹೋಲಿಕೆ: ಹಗುರ, ಅಂಟು, ಸಿಕ್ಕಿದ್ದನ್ನೆಲ್ಲ ಹಿಡಿದುಕೊಂಡು ಜೋತಾಡುವಂಥದು.

ಇಲ್ಲೊಂದು ತೊಡಕಿದೆ. ಲೋಹ ಅಂಟುವುದು ಮೇಲ್ಮೈಗೆ. ಸಮುದ್ರದ ಪಿಎಚ್ ಸುಮಾರು 8. ಅಲ್ಲಿ ಆಕ್ಸೈಡ್ ಮತ್ತು ಲೋಳೆಯ ಮೇಲ್ಮೈ ತನ್ನ ಹೈಡ್ರೊಜನ್ ಬಿಟ್ಟುಕೊಟ್ಟು, ಖಾಲಿಯಾದ ಜಾಗದಲ್ಲಿ ಲೋಹದ ಅಯಾನನ್ನು ಕೂರಿಸಿಕೊಳ್ಳುತ್ತದೆ. ಒಂದು ಮಿಲಿಮೀಟರ್ ಘನವೊಂದರ ಮೇಲ್ಮೈ 6 ಚದರ ಮಿಲಿಮೀಟರ್; ಅದನ್ನೇ ಒಂದು ಮೈಕ್ರಾನಿನ (ಮಿಲಿಮೀಟರಿನ ಸಾವಿರದ ಒಂದು ಪಾಲಿನ) ಘನಗಳಾಗಿ ಪುಡಿ ಮಾಡಿದರೆ 6,000. ಅಂದರೆ ಹಿಡಿಯುವ ಶಕ್ತಿ ಸಣ್ಣದಕ್ಕೇ ಹೆಚ್ಚು. ಆದರೆ ಭೌತವಿಜ್ಞಾನಿ ಸ್ಟೋಕ್ಸ್ 1851ರಲ್ಲಿ ತೋರಿಸಿದಂತೆ ಇಳಿಯುವ ವೇಗ ತ್ರಿಜ್ಯದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಒಂದು ಮೈಕ್ರಾನಿನ ಜೇಡಿಯ ಕಣ ಒಂಟಿಯಾಗಿ 4,000 ಮೀಟರ್ ಇಳಿಯಲು ಸುಮಾರು 200 ವರ್ಷ ಬೇಕು. ದಿನಕ್ಕೆ 100 ಮೀಟರ್ ಇಳಿಯುವ ಹಿಕ್ಕೆಯ ಉಂಡೆಗೆ 40 ದಿನ ಸಾಕು. ಹಿಡಿಯುವವನಿಗೆ ಕಾಲಿಲ್ಲ, ಕಾಲಿದ್ದವನಿಗೆ ಕೈಯಿಲ್ಲ.

ತೊಡಕು ಬಿಡಿಸುವುದು ಹೇಗೆಂದು ಪಟಿಕ (ಆಲಂ) ಹಾಕಿದ ಕೊಡ ಹೇಳುತ್ತದೆ. ಕೆಸರು ನೀರಿಗೆ ಪಟಿಕ ತಿರುವಿದರೆ ಕಾಣದಷ್ಟು ಸಣ್ಣ ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಹಿಂಜಿದ ಹತ್ತಿಯಂತಾಗಿ ತಳ ಹಿಡಿಯುತ್ತವೆ. ಸಮುದ್ರದಲ್ಲೂ ಸಣ್ಣವು ಮೊದಲು ಲೋಹ ಹಿಡಿದು, ಆಮೇಲೆ ಲೋಳೆಗೆ ಸಿಕ್ಕಿಯೋ, ಯಾವುದೋ ಜೀವಿಯ ಹೊಟ್ಟೆ ಹೊಕ್ಕು ಬಂದೋ, ದೊಡ್ಡದಾಗಿ ಇಳಿಯುತ್ತವೆ.

ಆದರೆ ಇಳಿಯುವ ಕಣ ಸೀಲು ಹಾಕಿದ ಲಾರಿಯಲ್ಲ, ಬಿಎಂಟಿಸಿ ಬಸ್ಸು. ಹತ್ತುವವರೂ ಇಳಿಯುವವರೂ ಇದ್ದಾರೆ. ಇದಕ್ಕೆ ಸಾಕ್ಷಿ ಥೋರಿಯಂ-230, ಯುರೇನಿಯಂ ವಿಕಿರಣ ಸೂಸಿ ಕ್ಷಯಿಸುವಾಗ ಹುಟ್ಟುವ ಲೋಹ. ಯುರೇನಿಯಂ ಸಮುದ್ರದಲ್ಲೆಲ್ಲ ಸಮನಾಗಿ ಕರಗಿರುವುದರಿಂದ ಥೋರಿಯಂ ಎಲ್ಲ ಆಳದಲ್ಲೂ ಒಂದೇ ದರದಲ್ಲಿ ಹುಟ್ಟುತ್ತದೆ. ಹತ್ತಿದವರು ಇಳಿಯದಿದ್ದರೆ ಪ್ರತಿ ಸ್ಟಾಪಿನಲ್ಲೂ ಕಾಯುವವರ, ಅಂದರೆ ನೀರಿನಲ್ಲಿ ಕರಗಿಯೇ ಉಳಿದ ಥೋರಿಯಂನ, ಸಂಖ್ಯೆ ಒಂದೇ ಇರಬೇಕಿತ್ತು. ಅಳೆದಾಗ ಸಿಗುವುದು ಆಳಕ್ಕೆ ಹೋದಂತೆ ನೇರ ಗೆರೆಯಲ್ಲಿ ಏರುವ ಪ್ರಮಾಣ. ಕ್ಯಾಡ್ಮಿಯಂ, ಸತುಗಳ ಕತೆ ಬೇರೆ: ಅವು ಪಾಚಿಯ ಮೈಯೊಳಗೇ ಸೇರಿ, ಅದು ಕೊಳೆತಾಗ ಬಿಡುಗಡೆಯಾಗುತ್ತವೆ.

ಕಣಗಳು ಎಷ್ಟು ಬೇಗ ಗುಡಿಸುತ್ತವೆಂದು ಅಳೆಯಲು ಗಡಿಯಾರವಾಗುವುದು ಯುರೇನಿಯಂನಿಂದಲೇ ಹುಟ್ಟುವ ಇನ್ನೊಂದು ರೂಪ ಥೋರಿಯಂ-234, ಅರ್ಧಾಯು (ಅರ್ಧದಷ್ಟು ಕ್ಷಯಿಸುವ ಅವಧಿ) 24.1 ದಿನ. ಮೇಲಿನ ನೂರು ಮೀಟರಿನಲ್ಲಿ ಯುರೇನಿಯಂಗೆ ಹೋಲಿಸಿದರೆ ಅದು ಎಷ್ಟು ಕಡಿಮೆಯಿದೆಯೋ ಅಷ್ಟನ್ನು ಕಣಗಳು ಒಯ್ದಿವೆ. 4 ಲೀಟರ್ ನೀರನ್ನು ಸೋಸದೆ ಆಮ್ಲ ಹಾಕಿ ಪಿಎಚ್ 2ರ ಹತ್ತಿರ ತರುತ್ತಾರೆ. ಕೊನೆಗೆ ಎಷ್ಟು ಕೈತಪ್ಪಿತೆಂದು ತಿಳಿಯಲು ಅಳೆದ ಥೋರಿಯಂ-230 ಬೆರೆಸಿ ಕೆಲವು ಗಂಟೆ ಬಿಡುತ್ತಾರೆ. ಆಮೇಲೆ ಅಮೋನಿಯಾದಿಂದ ಪಿಎಚ್ 8 ದಾಟಿಸಿ ಪೊಟ್ಯಾಶಿಯಂ ಪರ್ಮಾಂಗನೇಟ್, ಹಿಂದೆಯೇ ಮ್ಯಾಂಗನೀಸ್ ಕ್ಲೋರೈಡ್. ನೇರಳೆ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ಮ್ಯಾಂಗನೀಸ್ ಡೈಆಕ್ಸೈಡ್ ಒಡೆಯುತ್ತದೆ. ಅದು ಥೋರಿಯಂ ಹಿಡಿಯುತ್ತದೆ, ಯುರೇನಿಯಂ ಕಾರ್ಬೊನೇಟಿನ ಜೊತೆ ನೀರಲ್ಲೇ ಉಳಿಯುತ್ತದೆ. ಸಮುದ್ರ ಮಾಡುವ ಕೆಲಸವನ್ನೇ ಕ್ಯಾನಿನೊಳಗೆ ಮಾಡಿಸುವುದು ಇದು. ಸ್ಫಟಿಕಶಿಲೆಯ ನಾರಿನ ಫಿಲ್ಟರಿನಲ್ಲಿ ಸೋಸಿ ಥೋರಿಯಂ ಹೊರಸೂಸುವ ಬೀಟಾ ಕಣಗಳನ್ನು ಎಣಿಸುತ್ತಾರೆ. ಆರು ತಿಂಗಳಾದ ಮೇಲೆ ಅದೇ ಫಿಲ್ಟರನ್ನು ಮತ್ತೆ ಎಣಿಸಿ, ಉಳಿದ ಹಿನ್ನೆಲೆಯನ್ನು ಕಳೆಯುತ್ತಾರೆ. ಸೋಸಿದ ಸಮಯ ಬರೆಯಲು ಮರೆತರೆ ಲೆಕ್ಕ ಕೆಡುತ್ತದೆ, ಏಕೆಂದರೆ ಅಲ್ಲಿಯತನಕ ಯುರೇನಿಯಂ ಹೊಸ ಥೋರಿಯಂ ಹುಟ್ಟಿಸುತ್ತಲೇ ಇರುತ್ತದೆ. ಕ್ಯಾನಿನ ಗೋಡೆಗೆ ಹತ್ತಿದ ಕಂದು ಪುಡಿಯನ್ನು ತೊಳೆದು ಫಿಲ್ಟರಿಗೆ ಸೇರಿಸದಿದ್ದರೆ ಎಣಿಕೆಗೆ ಸಿಗುವುದು ಕಡಿಮೆಯಾಗುತ್ತದೆ; ಆ ಕೊರತೆಯನ್ನು ಬೆರೆಸಿದ ಥೋರಿಯಂ-230ರ ಲೆಕ್ಕದಿಂದ ತುಂಬಬೇಕಾಗುತ್ತದೆ.

ಕಬ್ಬಿಣ, ಸೀಸಗಳ ಅಳತೆಯಲ್ಲಿ ಕೈಕೊಡುವುದು ಹಡಗೇ. ತುಕ್ಕಿನ ತಂತಿ, ವಿಂಚಿನ ಗ್ರೀಸ್, ಗಾಳಿಯ ಧೂಳು ಸಾಕು. 1970ರ ದಶಕಕ್ಕೆ ಮುಂಚಿನ ಅಂಕಿಗಳಲ್ಲಿ ಹೆಚ್ಚಿನವು ಇದಕ್ಕೇ ನಂಬಲರ್ಹವಲ್ಲ. 1920ರ ದಶಕದಲ್ಲಿ ಯುದ್ಧಪರಿಹಾರ ತೀರಿಸಲೆಂದು ಸಮುದ್ರದಿಂದ ಚಿನ್ನ ತೆಗೆಯಲು ಹೊರಟ ಜರ್ಮನ್ ರಸಾಯನ ವಿಜ್ಞಾನಿ ಫ್ರಿಟ್ಸ್ ಹಾಬರ್ ಕೂಡ, ಹಳೆಯ ಅಂಕಿಗಳು ಅತಿಯಾಗಿ ಉಬ್ಬಿದ್ದವೆಂದು ಕಂಡು ಕೈಬಿಟ್ಟರು. ಈಗ ಟೆಫ್ಲಾನ್ ಬಳಿದ ಬಾಟಲಿ, ಕೆವ್ಲಾರ್ ಹಗ್ಗ, ತಿಂಗಳುಗಟ್ಟಲೆ ಆಮ್ಲದಲ್ಲಿ ನೆನೆಸಿದ ಪಾಲಿಥೀನ್ ಸೀಸೆ.

ತಳ ಸೇರಿದ್ದು ಮುಗಿಯಿತೇ? ಕೆಸರಿನಲ್ಲಿ ಆಕ್ಸಿಜನ್ ತೀರಿದರೆ ಮ್ಯಾಂಗನೀಸ್, ಕಬ್ಬಿಣದ ಆಕ್ಸೈಡುಗಳು ಕರಗಿ, ಹಿಡಿದದ್ದನ್ನು ಬಿಡುತ್ತವೆ. ಸಲ್ಫೈಡ್ ಇದ್ದರೆ ಅದು ಮತ್ತೆ ಕಟ್ಟಿಹಾಕುತ್ತದೆ. ನಮ್ಮ ಕೆರೆಗಳ ಕಪ್ಪು ಹೂಳಿನಲ್ಲಿ ನಡೆಯುವುದೂ ಇದೇ. ಹೂಳೆತ್ತಿ ದಂಡೆಯ ಮೇಲೆ ಒಣಗಲು ರಾಶಿ ಹಾಕಿದರೆ ಗಾಳಿ ತಾಗಿ ಸಲ್ಫೈಡ್ ಕೆಡುತ್ತದೆ. ಅಲ್ಲಿ ಕಟ್ಟಿದ್ದ ಸತು, ಕ್ಯಾಡ್ಮಿಯಂ ಮುಂದಿನ ಮಳೆಗೆ ತಿರುಗಿ ಕೆರೆಗೇ ಇಳಿಯುತ್ತವೆ.