ಉಸಿರಿನ ಮೂಲಕ ಜೀನ್ ಥೆರಪಿ: ಹನಿಯ ಲೆಕ್ಕ

ಸಿಸ್ಟಿಕ್ ಫೈಬ್ರೋಸಿಸ್ (ಸಿಎಫ್) ಅಂದರೆ ಶ್ವಾಸಕೋಶದಲ್ಲಿ ಕಫ ಗಟ್ಟಿಯಾಗಿ ಕಟ್ಟಿಕೊಳ್ಳುವ ಆನುವಂಶಿಕ ಕಾಯಿಲೆ. ಅದಕ್ಕೆ ಕಾರಣವಾದ ಸಿಎಫ್‌ಟಿಆರ್ ಜೀನ್ 1989ರಲ್ಲೇ ಸಿಕ್ಕಿತು. ಕೆಟ್ಟಿರುವುದು ಒಂದೇ ಜೀನ್, ಶ್ವಾಸಕೋಶದ ಬಾಗಿಲೂ ತೆರೆದೇ ಇದೆ. ಸರಿಯಾದ ಪ್ರತಿಯನ್ನು ಮಂಜು ಮಾಡಿ ಒಳಗೆ ಎಳೆದುಕೊಂಡರೆ ಮುಗೀತಲ್ವಾ? ಮುಗಿಯಲಿಲ್ಲ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ನೋಡೋಣ.

ಮೊದಲು ಹನಿ. ಸುಮಾರು 5 ಮೈಕ್ರೋಮೀಟರ್‌ಗಿಂತ ದೊಡ್ಡ ಹನಿಗಳು ಗಾಳಿ ತಿರುಗಿದ ಕಡೆ ತಿರುಗಲಾರದೆ ಹೆಚ್ಚಾಗಿ ಗಂಟಲಿಗೇ ಬಡಿಯುತ್ತವೆ. ಅರ್ಧ ಮೈಕ್ರೋಮೀಟರ್ ಆಸುಪಾಸಿನವು ಎಲ್ಲೂ ಕೂರದೆ ಬಹುಪಾಲು ಉಸಿರಿನೊಂದಿಗೇ ವಾಪಸ್. ಬೇಕಾದದ್ದು 1ರಿಂದ 5.

ಹಾಗಾದರೆ ಜೀನನ್ನು ಹೊತ್ತೊಯ್ಯುವ, 100 ನ್ಯಾನೋಮೀಟರ್‌ನ (0.1 ಮೈಕ್ರೋಮೀಟರ್) ಲಿಪಿಡ್ ಕಣ, ಅಂದರೆ ಕೊಬ್ಬಿನ ಕಣ, ಹೊರಗೆ ಹೋಗಿಬಿಡಬೇಕಲ್ಲ? ಇಲ್ಲ. ಅದು ಒಂಟಿಯಾಗಿ ಹಾರುವುದಿಲ್ಲ, ಹನಿಯೊಳಗೆ ಕೂತು ಬರುತ್ತದೆ. ಎಲ್ಲಿ ಇಳಿಯಬೇಕೆಂದು ತೀರ್ಮಾನಿಸುವುದು ಹನಿಯ ಗಾತ್ರ, ಕಣದ್ದಲ್ಲ. ಕಣದ ಗಾತ್ರ ಮುಖ್ಯವಾಗುವುದು ಇಳಿದ ಮೇಲೆ, ಕಫದ ಬಲೆಯಲ್ಲಿ ತೂರುವಾಗ.

ಈಗ ನನ್ನ ತಲೆ ತಿಂದ ಭಾಗ. ನೆಬ್ಯುಲೈಜರ್‌ನ (ಔಷಧಿಯನ್ನು ಮಂಜು ಮಾಡುವ ಯಂತ್ರದ) ವಿವರದಲ್ಲಿ ಹನಿಯ ಗಾತ್ರವನ್ನು ಸಾಮಾನ್ಯವಾಗಿ ಎಣಿಕೆಯಿಂದಲ್ಲ, ದ್ರವ್ಯರಾಶಿಯ ಮಧ್ಯಾಂಕದಿಂದ ಹೇಳುತ್ತಾರೆ: ಅರ್ಧ ದ್ರವ್ಯರಾಶಿ ಅದಕ್ಕಿಂತ ದೊಡ್ಡ ಹನಿಗಳಲ್ಲಿ, ಅರ್ಧ ಚಿಕ್ಕವುಗಳಲ್ಲಿ. ಯಾಕೆ? 1000 ಹನಿ ತೆಗೆದುಕೊಳ್ಳಿ. 990 ಹನಿಗಳ ವ್ಯಾಸ 2 ಮೈಕ್ರೋಮೀಟರ್, ಉಳಿದ 10ರದ್ದು 10 ಮೈಕ್ರೋಮೀಟರ್. ಎಣಿಸಿದರೆ ಶೇ. 99 ಹನಿಗಳು ಸರಿಯಾದ ಗಾತ್ರದವೇ, ಭೇಷ್! ಆದರೆ ಔಷಧಿ ಇರುವುದು ಘನಗಾತ್ರದಲ್ಲಿ, ಅಂದರೆ ವ್ಯಾಸದ ಘನದಲ್ಲಿ. 2ರ ಘನ 8; 990 × 8 = 7920. 10ರ ಘನ 1000; 10 × 1000 = 10,000. ಒಟ್ಟು 17,920ರಲ್ಲಿ 10,000, ಅಂದರೆ ಸುಮಾರು ಶೇ. 56 ಔಷಧಿ ಆ ಹತ್ತೇ ಹನಿಗಳಲ್ಲಿದೆ. ಅವು ಬಹುಪಾಲು ಗಂಟಲಲ್ಲೇ ಕೂರುತ್ತವೆ, ನುಂಗಿದರೆ ಹೊಟ್ಟೆಗೆ. ನೆನಪಿಡಲು ಸುಲಭ ದಾರಿ: ವ್ಯಾಸ ದುಪ್ಪಟ್ಟಾದರೆ ಔಷಧಿ ಎಂಟು ಪಟ್ಟು. ಹನಿಗಳನ್ನು ಸುಮ್ನೆ ಎಣಿಸಬೇಡಿ.

ಇನ್ನು ಯಂತ್ರದ ಕಾಟ. ಜೆಟ್ ನೆಬ್ಯುಲೈಜರ್‌ನಲ್ಲಿ ದೊಡ್ಡ ಹನಿಗಳು ತಡೆಗೆ ಬಡಿದು ಬಟ್ಟಲಿಗೇ ಬೀಳುತ್ತವೆ, ಮತ್ತೆ ಸಿಡಿಯುತ್ತವೆ. ಪದೇ ಪದೇ ಹೀಗಾದರೆ ಬರಿಯ ಪ್ಲಾಸ್ಮಿಡ್ ಡಿಎನ್‌ಎ (ಜೀನ್ ಹೊತ್ತ, ಉಂಗುರದಂಥ ಡಿಎನ್‌ಎ) ಹರಿದು ಚೂರಾಗುತ್ತದೆ. ಧನ ಆವೇಶದ ಲಿಪಿಡ್ ಅದನ್ನು ಮುದುಡಿಸಿ ಹಿಡಿದರೆ ಜಾಸ್ತಿ ಉಳಿಯುತ್ತದೆ.

ಲಿಪಿಡ್ ಬದಲು ವೈರಸ್‌ಗಳ ಮೇಲೂ ಜೀನನ್ನು ಹೊರಿಸಬಹುದು, ಆದರೆ ಅವುಗಳದ್ದು ಬೇರೆ ಗೋಳು. ಸಾಮಾನ್ಯವಾಗಿ ಬಳಸುತ್ತಿದ್ದ ಅಡೆನೋವೈರಸ್ ಒಳಹೋಗಲು ಹಿಡಿಯುವ ಗ್ರಾಹಕ (ರಿಸೆಪ್ಟರ್) ಇರುವುದು ಜೀವಕೋಶದ ಕೆಳಬದಿಯಲ್ಲಿ, ಗಾಳಿಯ ಬದಿಯಲ್ಲಲ್ಲ. ಮೇಲಿಂದ ಬಂದರೆ ಕೈಗೇ ಸಿಗದು. ಪದೇ ಪದೇ ಕೊಟ್ಟರೆ ರೋಗನಿರೋಧಕ ಶಕ್ತಿ ಅಡ್ಡ ಬರುತ್ತದೆ. ಅದಕ್ಕೇ ಸೆಂಡೈ ವೈರಸ್‌ನ ಹೊರಮೈ ಪ್ರೋಟೀನುಗಳನ್ನು ಲೆಂಟಿವೈರಸ್ ಎಂಬ ಇನ್ನೊಂದು ವೈರಸ್‌ಗೆ ತೊಡಿಸುವ ಪ್ರಯತ್ನ ನಡೆದಿದೆ. ಅವು ಮೇಲಿಂದಲೇ ಒಳಹೋಗಬಲ್ಲವು.

ಬ್ರಿಟನ್‌ನ ಸಿಎಫ್ ಜೀನ್ ಥೆರಪಿ ಒಕ್ಕೂಟದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಪ್ಲಾಸ್ಮಿಡ್ ಮತ್ತು ಜಿಎಲ್67ಎ ಲಿಪಿಡ್ಡಿನ ಮಂಜನ್ನು ತಿಂಗಳಿಗೊಮ್ಮೆಯಂತೆ ಒಂದು ವರ್ಷ ಕೊಟ್ಟರು. ಎಫ್‌ಇವಿ1ರಲ್ಲಿ, ಅಂದರೆ ಮೊದಲ ಸೆಕೆಂಡಿನಲ್ಲಿ ಊದಿ ಬಿಡುವ ಗಾಳಿಯ ಅಳತೆಯಲ್ಲಿ, ಹುಸಿಮದ್ದಿನ ಗುಂಪಿಗಿಂತ ಶೇ. 3.7 ಮೇಲು. ಸಾಧಾರಣ ಅನಿಸಬಹುದು. ಆದರೆ ಹುಸಿಮದ್ದು ಪಡೆದವರ ಅಳತೆ ಇಳಿಯಿತು, ಚಿಕಿತ್ಸೆ ಪಡೆದವರದ್ದು ಹೆಚ್ಚುಕಡಿಮೆ ಹಾಗೇ ನಿಂತಿತು. ನನಗೆ ಇದೇ ಮುಖ್ಯ. ಈಗಿನ ಸಿಎಫ್‌ಟಿಆರ್ ಮಾಡ್ಯುಲೇಟರ್ ಗುಳಿಗೆಗಳು ಇರುವ ಪ್ರೋಟೀನನ್ನು ರಿಪೇರಿ ಮಾಡುತ್ತವೆ. ಪ್ರೋಟೀನೇ ತಯಾರಾಗದವರಿಗೆ ಅವುಗಳಿಂದ ಏನೂ ಪ್ರಯೋಜನವಿಲ್ಲ.