ಮಳೆಗೊಂದು ಅಂಗಿ, ಬೇಸಿಗೆಗೊಂದು ಅಂಗಿ

ಕೊಡಗಿನ ಕಾಫಿ ತೋಟದಲ್ಲಿ ನಡೆಯುವಾಗ ಕಾಲಬುಡದ ತರಗೆಲೆಯೊಂದು ತಟ್ಟನೆ ಎದ್ದು, ನಾಲ್ಕು ಮಾರು ಹಾರಿ, ಮತ್ತೆ ತರಗಿನಲ್ಲೇ ಕೂತು ಒಂದು ಪಕ್ಕಕ್ಕೆ ವಾಲಿತೆಂದರೆ ಅದು ಸಂಜೆಗಂದು ಚಿಟ್ಟೆ. ಪೊದೆಗಂದು, ಉಂಗುರ ಚಿಟ್ಟೆಗಳು ಇದರ ದಾಯಾದಿಗಳು. ಎಲ್ಲವೂ ಸಟೈರಿನೇ ಉಪಕುಟುಂಬದವು. ಇವುಗಳ ಹುಳುಗಳಿಗೆ ಹುಲ್ಲೇ ಊಟ. ಸಂಜೆಗಂದಿನ ಹುಳು ಗದ್ದೆಯ ಭತ್ತದ ಗರಿಯನ್ನೂ ಬಿಡುವುದಿಲ್ಲ. ಮೈ ಹಸಿರು, ತಲೆಗೆ ಎರಡು ಕೊಂಬು, ಬಾಲಕ್ಕೆ ಕವಲು. ಗರಿಯುದ್ದಕ್ಕೂ ಮಲಗಿದರೆ ಕೊಂಬು ಕಂಡಾಗಲೇ ಹುಳುವೆಂದು ತಿಳಿಯುವುದು.

ಮಳೆಗಾಲದ ಸಂಜೆಗಂದಿನ ರೆಕ್ಕೆಯ ಅಡಿಭಾಗದಲ್ಲಿ ಸಾಲಾಗಿ ಕಣ್ಣುಚುಕ್ಕೆಗಳಿರುತ್ತವೆ. ಮಳೆ ಹೋದ ಮೇಲೆ ಹುಟ್ಟಿದವುಗಳಲ್ಲಿ ಚುಕ್ಕೆಗಳು ಬಹುಪಾಲು ಅಳಿಸಿಹೋಗಿ, ಒಣ ಎಲೆಯ ಬಣ್ಣ ಬಂದಿರುತ್ತದೆ, ಒಂದರಂತೆ ಇನ್ನೊಂದಿಲ್ಲ. ಮೊದಮೊದಲು ಎರಡು ಬೇರೆ ಜಾತಿ ಎಂದು ಮೋಸಹೋಗುವುದು ಸಹಜ. ಚಿಟ್ಟೆ ತಾನೇ ಅಂಗಿ ಬದಲಿಸುವುದಿಲ್ಲ, ಬದಲಾಗುವುದು ತಲೆಮಾರು. ಆಫ್ರಿಕಾದ ನಂಟ ಬೈಸೈಕ್ಲಸ್ ಅನೈನಾನ ಚಿಟ್ಟೆಯನ್ನು ಪ್ರಯೋಗಾಲಯದಲ್ಲಿ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಕಿದರೆ ದೊಡ್ಡ ಚುಕ್ಕೆ, 17ರಲ್ಲಿ ಸಾಕಿದರೆ ಸಣ್ಣ ಚುಕ್ಕೆ. ಹುಳುವಿನ ಕೊನೆಯ ದಿನಗಳ ಶಾಖವೇ ಹಾರ್ಮೋನಿನ ಮೂಲಕ ಇದನ್ನು ತೀರ್ಮಾನಿಸುತ್ತದೆ.

ಹೂವಿನ ಬಳಿ ಇವನ್ನು ಹುಡುಕಿ ಪ್ರಯೋಜನವಿಲ್ಲ. ಇವಕ್ಕೆ ಬೇಕಾದದ್ದು ಕೊಳೆತ ಹಣ್ಣು, ಮರದ ರಸ. ಜೂನ್‌ನಲ್ಲಿ ಬಿದ್ದು ಒಡೆದ ಹಲಸಿನ ಹಣ್ಣೊಂದಿದ್ದರೆ ಸಾಕು. ಇಲ್ಲದಿದ್ದರೆ ಕಪ್ಪಾದ ಮೂರ್ನಾಲ್ಕು ಬಾಳೆಹಣ್ಣಿಗೆ ಒಂದು ಹಿಡಿ ಬೆಲ್ಲ ಹಿಸುಕಿ, ಡಬ್ಬಿಯಲ್ಲಿ ಎರಡು ದಿನ ಇಡಿ. ಮುಚ್ಚಳ ಸಡಿಲವಿರಲಿ, ಬಿಗಿದರೆ ಗಾಳಿ ತುಂಬಿ ಸಿಡಿಯುತ್ತದೆ. ಹೆಂಡದ ವಾಸನೆ ಬಂದರೆ ಹದ. ಕಾಫಿ ಗಿಡದ ನೆರಳಲ್ಲಿ, ನೆಲದಿಂದ ಒಂದೆರಡು ಅಡಿಯಲ್ಲಿ ತಟ್ಟೆಯಿಡಿ. ಎತ್ತರದಲ್ಲಿ ಕಟ್ಟಿದರೆ ಬರುವುದು ಕಡಿಮೆ, ಇವು ತಗ್ಗಿನಲ್ಲೇ ಓಡಾಡುವವು. ತಟ್ಟೆಯ ಕೆಳಗೆ ನೀರಿನ ಬೋಗುಣಿ ಇಡದಿದ್ದರೆ ಚಿಟ್ಟೆಗಿಂತ ಮೊದಲು ಇರುವೆ ಹಾಜರು. ಜೋರು ಮಳೆ ಬಿದ್ದರೆ ಎಲ್ಲವೂ ನೀರುಪಾಲು, ಹೊಸದಾಗಿ ಕಲಸಬೇಕು.

ಮುಸ್ಸಂಜೆಗೆ ಹೋಗಿ ನೋಡಿ. ಹೀರುವುದರಲ್ಲಿ ಮುಳುಗಿದ ಚಿಟ್ಟೆ ಗೇಣು ದೂರದವರೆಗೂ ಬಿಟ್ಟುಕೊಳ್ಳುತ್ತದೆ. ಆರು ಕಾಲಿದ್ದರೂ ನಿಲ್ಲುವುದು ನಾಲ್ಕರ ಮೇಲೆ; ಮುಂದಿನವೆರಡು ಗಿಡ್ಡವಾಗಿ ಎದೆಗೆ ಅಂಟಿಕೊಂಡಿರುತ್ತವೆ. ರೆಕ್ಕೆಯ ಅಂಚನ್ನೂ ಗಮನಿಸಿ: ಕೆಲವದರಲ್ಲಿ ಕಣ್ಣುಚುಕ್ಕೆ ಇರಬೇಕಾದ ಜಾಗವೇ ಹರಿದುಹೋಗಿರುತ್ತದೆ. ಹಕ್ಕಿಯೋ ಓತಿಯೋ ಕಣ್ಣೆಂದು ಕುಕ್ಕಿದ್ದು ಅಲ್ಲಿಗೇ ಇರಬಹುದು.