ಬಿಪಿ ಸರಿ ಇದೆ, ಲ್ಯಾಕ್ಟೇಟ್ ಎಷ್ಟಿದೆ?

ಸೆಪ್ಸಿಸ್ (ಸೋಂಕಿಗೆ ಮೈ ಹದ್ದುಮೀರಿ ಸ್ಪಂದಿಸಿ ಅಂಗಗಳೇ ಕೆಡೋ ಸ್ಥಿತಿ) ಅಂತ ಐಸಿಯುಗೆ ಹಾಕಿರೋ ಪೇಷಂಟು ಎಷ್ಟೋ ಸಲ ಕಣ್ಣುಬಿಟ್ಟು ಮಾತಾಡ್ತಿರ್ತಾರೆ, ಬಿಪಿನೂ ಪರವಾಗಿಲ್ಲ ಅನ್ನೋ ಹಾಗಿರುತ್ತೆ, ಮನೆಯವರಿಗೆ ಸ್ವಲ್ಪ ಧೈರ್ಯ ಬಂದಿರುತ್ತೆ, ಆದ್ರೆ ಡಾಕ್ಟರ್ ಮಾತ್ರ ಎಬಿಜಿ ಅನ್ನೋ ರಕ್ತಪರೀಕ್ಷೆ ಮಷೀನಿಂದ ಬಂದ ಪುಟ್ಟ ಚೀಟಿ ನೋಡ್ಕೊಂಡು "ಈಗ್ಲೇ ಏನೂ ಹೇಳಕ್ಕಾಗಲ್ಲ" ಅಂತಾರೆ. ಆ ಚೀಟೀಲಿ ಲ್ಯಾಕ್ಟೇಟ್ (ಜೀವಕೋಶಗಳು ಗ್ಲೂಕೋಸ್ ಒಡೆದಾಗ ಬರೋ ಲ್ಯಾಕ್ಟಿಕ್ ಆಸಿಡ್‌ನ ರೂಪ) ಅಂತ ಒಂದು ಸಾಲಿರುತ್ತೆ. ಸಾಮಾನ್ಯವಾಗಿ ಲೀಟರ್ ರಕ್ತಕ್ಕೆ 2 ಮಿಲಿಮೋಲ್ ಒಳಗಿರ್ಬೇಕು. 4 ಮುಟ್ಟಿತು ಅಂದ್ರೆ ಬಿಪಿ ಚೆನ್ನಾಗಿದ್ರೂ ಜೀವಕ್ಕೆ ಅಪಾಯ ಇದೆ ಅಂತ್ಲೇ ಲೆಕ್ಕ.

ಇದು ಹೊಸ ವಿಷ್ಯ ಏನಲ್ಲ. 1843ರಲ್ಲೇ ಜರ್ಮನಿಯ ವ್ಯೂರ್ಟ್ಸ್‌ಬರ್ಗ್‌ನಲ್ಲಿ ಯೋಹಾನ್ ಜೋಸೆಫ್ ಶೆರರ್ ಅನ್ನೋ ವೈದ್ಯ, ಬಾಣಂತಿ ನಂಜಿನಿಂದ ಸತ್ತ ಹೆಂಗಸರ ರಕ್ತದಲ್ಲಿ ಲ್ಯಾಕ್ಟಿಕ್ ಆಸಿಡ್ ಇರೋದನ್ನ ಕಂಡುಹಿಡಿದಿದ್ರು. ಬಾಣಂತಿ ನಂಜು ಅಂದ್ರೆ ಇವತ್ತಿನ ಭಾಷೇಲಿ ಸೆಪ್ಸಿಸ್ಸೇ.

ಲ್ಯಾಕ್ಟೇಟ್ ಏರೋದು ಯಾಕೆ? ಕೇಳಿದ್ರೆ ಎಲ್ರೂ ಹೇಳೋದು ಒಂದೇ ಉತ್ತರ, ಆಕ್ಸಿಜನ್ ಸಾಲದೆ ಜೀವಕೋಶಗಳು ಗ್ಲೂಕೋಸನ್ನ ಅರ್ಧಂಬರ್ಧ ಉರಿಸಿ ಲ್ಯಾಕ್ಟೇಟ್ ಮಾಡ್ತವೆ ಅಂತ. ನಿಜ, ಆದ್ರೆ ಪೂರ್ತಿ ನಿಜ ಅಲ್ಲ. ನಮ್ಮ ಕೆಂಪು ರಕ್ತಕಣಗಳಲ್ಲಿ ಮೈಟೋಕಾಂಡ್ರಿಯಾನೇ (ಆಕ್ಸಿಜನ್ ಬಳಸಿ ಶಕ್ತಿ ಮಾಡೋ ಭಾಗ) ಇಲ್ಲ, ಅವು ಆರಾಮಾಗಿರೋವಾಗ್ಲೂ ದಿನಪೂರ್ತಿ ಲ್ಯಾಕ್ಟೇಟ್ ಮಾಡ್ತಾನೇ ಇರ್ತವೆ, ಅದನ್ನ ಮುಖ್ಯವಾಗಿ ಲಿವರ್ರು, ಒಂದಿಷ್ಟು ಕಿಡ್ನಿ ಎತ್ತಿಕೊಂಡು ಮತ್ತೆ ಬಳಸ್ಕೊಳ್ತವೆ. ಅಂದ್ರೆ ಇದು ಸಂಪಿನ ನೀರಿನ ಮಟ್ಟ ಇದ್ದಂಗೆ, ಒಳಗೆ ಬರೋದು ಜಾಸ್ತಿಯಾದ್ರೂ ಏರುತ್ತೆ, ಎಳ್ಕೊಳ್ಳೋ ಮೋಟ್ರು ಕೈಕೊಟ್ರೂ ಏರುತ್ತೆ. ಸೆಪ್ಸಿಸ್ಸಲ್ಲಿ ಎರಡೂ ಆಗುತ್ತೆ. ಮೈಯಲ್ಲಿ ಅಡ್ರಿನಾಲಿನ್ ಉಕ್ಕಿದಾಗ ಆಕ್ಸಿಜನ್ ಸಾಕಷ್ಟಿದ್ರೂ ಸ್ನಾಯುಗಳು ಲ್ಯಾಕ್ಟೇಟ್ ಸುರೀತವೆ, ಆ ಕಡೆ ಲಿವರ್ ಸುಸ್ತಾಗಿರುತ್ತೆ. ಹಾಗಾಗಿ ಲ್ಯಾಕ್ಟೇಟನ್ನ ವಿಷ ಅನ್ನೋದು ನನ್ನ ಪ್ರಕಾರ ತಪ್ಪು, ಅದು ಒಳಗಿನ ಒದ್ದಾಟದ ವರದಿ ಅಷ್ಟೆ.

2016ರಲ್ಲಿ ಬಂದ ಸೆಪ್ಸಿಸ್-3 ವ್ಯಾಖ್ಯೆ ಪ್ರಕಾರ, ಡ್ರಿಪ್ಪಲ್ಲಿ ಬೇಕಾದಷ್ಟು ಫ್ಲೂಯಿಡ್ ಕೊಟ್ಟ ಮೇಲೂ ಸರಾಸರಿ ಬಿಪಿ 65 ಉಳಿಸಕ್ಕೆ ನಾರ್‌ಅಡ್ರಿನಾಲಿನ್ ಥರದ ಬಿಪಿ ಏರಿಸೋ ಔಷಧ ಬೇಕು, ಲ್ಯಾಕ್ಟೇಟೂ 2 ದಾಟಿದೆ ಅಂದ್ರೆ ಅದು ಸೆಪ್ಟಿಕ್ ಶಾಕ್, ಸೆಪ್ಸಿಸ್ಸಿನ ಅತಿ ತೀವ್ರ ರೂಪ. ಇಂಥವರಲ್ಲಿ ಆಸ್ಪತ್ರೆಯಲ್ಲೇ ಸಾಯೋರು 40%ಗಿಂತ ಜಾಸ್ತಿ.

ಆದ್ರೆ ಒಂದು ಸಲದ ನಂಬರಿಗಿಂತ ಅದು ಯಾವ ಕಡೆ ಹೋಗ್ತಿದೆ ಅನ್ನೋದು ಹೆಚ್ಚು ಹೇಳುತ್ತೆ. 2004ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ 111 ಜನ ತೀವ್ರ ಸೆಪ್ಸಿಸ್ ಪೇಷಂಟ್‌ಗಳನ್ನ ನೋಡಿದ ಅಧ್ಯಯನದಲ್ಲಿ, ಮೊದಲ 6 ಗಂಟೇಲಿ ಲ್ಯಾಕ್ಟೇಟ್ ಪ್ರತಿ 10% ಹೆಚ್ಚು ಇಳಿದಂಗೂ ಸಾಯೋ ಸಾಧ್ಯತೆ ಸುಮಾರು 11% ಕಮ್ಮಿ ಆಗಿತ್ತು. 6 ಇದ್ದಿದ್ದು 3ಕ್ಕೆ ಬಂದೋರನ್ನ ನೋಡಿ ಸ್ವಲ್ಪ ಉಸಿರು ಬಿಡಬಹುದು, 3 ಇದ್ದಿದ್ದು 5 ಆದೋರ ಬಗ್ಗೆ ಚಿಂತೆ ಮಾಡ್ಬೇಕು.

ಹಾಗಾದ್ರೆ ನಂಬರ್ ಇಳಿಯೋ ತನಕ ಡ್ರಿಪ್ ಹಾಕ್ತಾನೇ ಹೋದ್ರಾಯ್ತಲ್ವಾ? ಇಲ್ಲೇ ಎಡವೋದು. ಗ್ಲೆನ್ ಹೆರ್ನಾಂಡೆಜ್ ನೇತೃತ್ವದ ಚಿಲಿ ದೇಶದ ತಂಡ ಲ್ಯಾಟಿನ್ ಅಮೆರಿಕದ 5 ದೇಶಗಳಲ್ಲಿ 424 ಪೇಷಂಟ್‌ಗಳ ಮೇಲೆ ಇದನ್ನ ಪರೀಕ್ಷೆ ಮಾಡ್ತು, ಫಲಿತಾಂಶ 2019ರಲ್ಲಿ ಬಂತು. ಅರ್ಧ ಜನಕ್ಕೆ ಲ್ಯಾಕ್ಟೇಟ್ ನೋಡಿ ಚಿಕಿತ್ಸೆ, ಇನ್ನರ್ಧ ಜನಕ್ಕೆ ಬೆರಳ ತುದೀನ ಗಾಜಿನ ಸ್ಲೈಡಿಂದ 10 ಸೆಕೆಂಡ್ ಒತ್ತಿ ಬಿಟ್ಟು, ರಕ್ತ ವಾಪಸ್ ಬಂದು ಬಣ್ಣ ಮರಳಕ್ಕೆ 3 ಸೆಕೆಂಡಿಗಿಂತ ಜಾಸ್ತಿ ಹಿಡೀತಾ ಅಂತ ನೋಡಿ ಚಿಕಿತ್ಸೆ. 28 ದಿನದಲ್ಲಿ ಲ್ಯಾಕ್ಟೇಟ್ ಗುಂಪಲ್ಲಿ 43.4% ಸತ್ರು, ಬೆರಳು ನೋಡಿದ ಗುಂಪಲ್ಲಿ 34.9%. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನ ಲೆಕ್ಕದಲ್ಲಿ ಈ ವ್ಯತ್ಯಾಸ ಗೆರೆಯ ಈಚೆಗೇ ನಿಂತುಬಿಡ್ತು, ಗೆದ್ದಿದ್ದು ಬೆರಳೇ ಅನ್ನಕ್ಕಾಗಲ್ಲ. ಆದ್ರೂ ರಕ್ತಸಂಚಾರ ಸರಿಹೋದ ಮೇಲೂ ಲ್ಯಾಕ್ಟೇಟ್ ನಿಧಾನಕ್ಕೆ ಇಳಿಯುತ್ತೆ, ಅದ್ರ ಹಿಂದೆ ಬಿದ್ರೆ ಬೇಡದ ಫ್ಲೂಯಿಡ್ ಶ್ವಾಸಕೋಶ ಸೇರುತ್ತೆ ಅನ್ನೋ ಅನುಮಾನಕ್ಕೆ ಬಲ ಬಂತು.

ಇನ್ನು ರಿಪೋರ್ಟ್ ಕೈಗೆ ಸಿಕ್ಕಿ ಗಾಬರಿ ಆಗೋರಿಗೆ ಎರಡು ಮಾತು. ಫಿಟ್ಸ್ ಬಂದಿದ್ರೆ, ವೀಸಿಂಗಿಗೆ ಸಾಲ್ಬುಟಮಾಲ್ ಜಾಸ್ತಿ ಕೊಟ್ಟಿದ್ರೆ, ಲಿವರ್ ಕಾಯಿಲೆ ಇದ್ರೆ ಸೆಪ್ಸಿಸ್ ಇಲ್ಲದೇನೂ ಲ್ಯಾಕ್ಟೇಟ್ ಏರಬಹುದು. ಜೊತೆಗೆ ಕೆಲವು ಲ್ಯಾಬ್‌ಗಳು ಮಿಲಿಗ್ರಾಂ ಲೆಕ್ಕದಲ್ಲಿ ಕೊಡ್ತವೆ, ಅಲ್ಲಿ 18 ಅಂತ ಕಂಡ್ರೆ ಎದೆ ಒಡ್ಕೋಬೇಡಿ, 9ರಿಂದ ಭಾಗಿಸಿ, ಅದು ಬರೀ 2.